ಕಡವಿನ ಮನೆಯಲ್ಲಿ ಇಲ್ಲದ ದೃಶ್ಯ

ನೋಡಿದ್ದನ್ನು ನೋಡದವರಿಗೆ ಹೇಳುವುದು, ಇದೇ ನನ್ನ ಕೆಲಸವಾಗಿತ್ತು. ಕೇಳಲು ಸುಲಭ. ಅದನ್ನು ನಾನು ಹೇಗೆ ಕೆಡಿಸಿದೆ ಎಂಬುದನ್ನು ಬಿಟ್ಟು ಬೇರೇನು ಬರೆದರೂ ಅರ್ಧ ಸುಳ್ಳಾಗುತ್ತದೆ.

ಈಗ ನಮ್ಮ ಕೊಪ್ಪದಲ್ಲೇ ಇಬ್ಬರು ಹುಡುಗಿಯರು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿಕೊಂಡು ಧಾರಾವಾಹಿಗಳ ಗುಟ್ಟು ಬಿಡಿಸುತ್ತಾರೆ. ಕೊಂದವರು ಯಾರು, ಸತ್ತವಳು ನಿಜವಾಗಿಯೂ ಸತ್ತಳಾ, ಗೋಡೆಯ ಫೋಟೋ ಯಾಕೆ ಬದಲಾಯಿತು, ಎಲ್ಲ ಹೇಳುತ್ತಾರೆ. ಚೆನ್ನಾಗಿಯೇ ಹೇಳುತ್ತಾರೆ. ಅವರಲ್ಲೊಬ್ಬಳು ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ, "ಅಂಕಲ್, ಇಲ್ಲಿ ಈ ಕೆಲಸ ಮೊದಲು ಮಾಡಿದ್ದು ನೀವಂತೆ. ಹೇಗೆ ಮಾಡ್ತಿದ್ರಿ, ಬರೆದು ಕೊಡಿ" ಎಂದಳು. ಅವಳಿಗಾಗಿ ಬರೆಯಲು ಕುಳಿತೆ. ಅವಳೊಬ್ಬಳಿಗಾಗಿ ಮಾತ್ರ ಅಲ್ಲ ಎಂಬುದು ಕೊನೆಗೆ ತಿಳಿಯುತ್ತದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕೇಬಲ್ ಟೀವಿಯ ವಿಶ್ವನಾಥಣ್ಣನ ಬಳಿ ಸೇರಿದೆ. ಮರ ಹತ್ತಲು ಬರುತ್ತಿತ್ತು, ಅದೇ ನನ್ನ ಯೋಗ್ಯತೆ. ಕೊಪ್ಪದಿಂದ ಭಂಡಿಗಡಿ, ಕಮ್ಮರಡಿಯವರೆಗೆ ನಮ್ಮ ವಯರು ಮರದಿಂದ ಮರಕ್ಕೆ ಹೋಗುತ್ತಿತ್ತು. ಮಂಗಗಳು ಕಡಿಯುತ್ತಿದ್ದವು, ಗಾಳಿಗೆ ಕೊಂಬೆ ಬಿದ್ದು ತುಂಡಾಗುತ್ತಿತ್ತು. ನಾನು ಹತ್ತಿ ಜೋಡಿಸುತ್ತಿದ್ದೆ. ಎಲ್ಲರ ಬಾಯಲ್ಲೂ ಕೇಬಲ್ ಚಂದ್ರಣ್ಣ ಆದೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಕೇಳುವ ಅಭ್ಯಾಸವೇ ಯಾರಿಗೂ ಇಲ್ಲ. ಸಂಜೆ ಧಾರಾವಾಹಿಯ ಹೊತ್ತಿಗೆ ಹೋದರೆ ಮಾತ್ರ ಜನ ಸಿಟ್ಟಾಗುತ್ತಿದ್ದರು. ಮಾರನೆಯ ದಿನ ನಾನು ಯಾವ ಮರದಲ್ಲಿದ್ದರೂ ಕೆಳಗೆ ಒಬ್ಬರು ನಿಂತು, "ಚಂದ್ರಣ್ಣ, ನಿನ್ನೆ ಎಂತ ಆಯ್ತು ಹೇಳಿ ಮಾರಾಯ್ರೆ" ಎನ್ನುತ್ತಿದ್ದರು. ನಮ್ಮ ಕಂಟ್ರೋಲ್ ರೂಮಿಗೆ ಜನರೇಟರ್ ಇತ್ತು. ಹಾಗಾಗಿ ನಾನು ನೋಡಿರುತ್ತಿದ್ದೆ. ಕೊಂಬೆಯ ಮೇಲೆ ಕುಳಿತು ಕಥೆ ಹೇಳುತ್ತಿದ್ದೆ.

ಇದನ್ನು ಕಂಡ ವಿಶ್ವನಾಥಣ್ಣ ಒಂದು ದಿನ, "ಧಾರಾವಾಹಿ ರೆಕಾರ್ಡ್ ಮಾಡಿ ಮತ್ತೆ ಹಾಕಿದ್ರೆ ಚಾನೆಲ್‌ನವರು ಕೇಸ್ ಹಾಕ್ತಾರೆ. ನೀನು ನಮ್ಮ ಲೋಕಲ್ ಚಾನೆಲ್‌ನಲ್ಲಿ ಕೂತು ಬಾಯಲ್ಲಿ ಹೇಳು. ಬಾಯಲ್ಲಿ ಹೇಳಿದ್ದಕ್ಕೆ ಯಾವನೂ ಕೇಸ್ ಹಾಕಲ್ಲ" ಎಂದರು.

"ನನ್ನ ಮುಖ ಟೀವಿಯಲ್ಲಾ?"

"ಮಂಗ ಕಡಿದ ವಯರಿಗಿಂತ ಚಂದ ಇದೆ. ಕೂತ್ಕೋ."

ಹೀಗೆ ಶುರುವಾಯಿತು 'ಕರೆಂಟ್ ಹೋದವರಿಗೆ' ಕಾರ್ಯಕ್ರಮ. ಬೆಳಿಗ್ಗೆ ಎದ್ದು ಕಂಟ್ರೋಲ್ ರೂಮಿನ ಮೂಲೆಯಲ್ಲಿ, ಹಿಂದೆ ಒಂದು ನೀಲಿ ಬಟ್ಟೆ ಕಟ್ಟಿ, ಕ್ಯಾಮೆರಾದ ಮುಂದೆ ಕುಳಿತು ಹಿಂದಿನ ದಿನದ ಕಥೆ ಹೇಳಿ ರೆಕಾರ್ಡ್ ಮಾಡುತ್ತಿದ್ದೆ. ಅದರ ಸೀಡಿಗಳನ್ನು ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಶೃಂಗೇರಿಗೂ ನರಸಿಂಹರಾಜಪುರಕ್ಕೂ ಕಳಿಸುತ್ತಿದ್ದೆ. ಅಲ್ಲಿಯ ಕೇಬಲ್‌ನವರೂ ಹಾಕುತ್ತಿದ್ದರು. ಹೆಂಗಸರಿಗೆ ಬೆಳಗಿನ ಕೆಲಸ ಮುಗಿದು ಕೈ ಬಿಡುವಾಗುವ ಹೊತ್ತಿಗೆ ಮೂರೂ ಊರಲ್ಲಿ ನಾನು ಮಾತಾಡುತ್ತಿದ್ದೆ.

ಆ ಹೊತ್ತಿಗೆ ನಾನು ಮನೆಗೆ ನಡೆದು ಹೋಗುತ್ತಿದ್ದೆ. ಬೀದಿಯ ಎರಡೂ ಬದಿಯ ಮನೆಗಳಿಂದ ನನ್ನದೇ ದನಿ ಬರುತ್ತಿತ್ತು. ಒಂದು ಮನೆಯಲ್ಲಿ ಕೇಳಿದ ವಾಕ್ಯದ ಕೊನೆ ಮುಂದಿನ ಮನೆಯಲ್ಲಿ ಮುಗಿಯುತ್ತಿತ್ತು. ಬಾಯಿ ಮುಚ್ಚಿಕೊಂಡು ನಡೆಯುತ್ತಿದ್ದೇನೆ, ಆದರೂ ಮಾತಾಡುತ್ತಿದ್ದೇನೆ. ಮೊದಮೊದಲು ಹೆಮ್ಮೆ ಅನ್ನಿಸುತ್ತಿತ್ತು. ಆಮೇಲೆ ಆ ಬೀದಿ ಬಿಟ್ಟು ಗದ್ದೆಯ ಕಡೆಯ ದಾರಿ ಹಿಡಿದೆ.

'ಕಡವಿನ ಮನೆ' ಎಂಬ ಧಾರಾವಾಹಿ ಬಂದ ಮೇಲೆ ಕಥೆ ಹೇಳಿದರಷ್ಟೇ ಸಾಲದಾಯಿತು. ನದಿಯ ಕಡವಿನಲ್ಲಿ, ಅಂದರೆ ದೋಣಿ ದಾಟುವ ಜಾಗದಲ್ಲಿ, ಒಂದು ಮನೆ. ಆ ಮನೆಯ ಸೊಸೆ ಸುಮತಿ ಮದುವೆಯಾಗಿ ಬಂದ ವರ್ಷವೇ ಕಾಣೆಯಾಗುತ್ತಾಳೆ. ದಿನವೂ ಕಂತಿನ ಕೊನೆಗೆ ಆಚೆ ದಡದಿಂದ ಹೆಂಗಸೊಬ್ಬಳು "ಓ ಕಡವೂ..." ಎಂದು ದೋಣಿ ಕರೆಯುತ್ತಾಳೆ. ದೋಣಿ ಹೋದರೆ ಅಲ್ಲಿ ಯಾರೂ ಇರುವುದಿಲ್ಲ. ಸುಮತಿ ಎಲ್ಲಿ ಹೋದಳು? ಕರೆಯುವವಳು ಯಾರು? ಮೂರು ತಾಲೂಕಿಗೂ ಇದೇ ಮಾತಾಯಿತು. ಜನ ಫೋನ್ ಮಾಡಿ ತಮ್ಮ ಊಹೆ ಹೇಳತೊಡಗಿದರು. ಫೋನಿಗೆ ಟೇಪ್ ರೆಕಾರ್ಡರ್ ಜೋಡಿಸಿ, ಆರಿಸಿದ ಕರೆಗಳನ್ನು ಶನಿವಾರ ಕೇಳಿಸಿ, ಒಂದೊಂದನ್ನೂ ಬಿಡಿಸಿ ಚರ್ಚೆ ಮಾಡುತ್ತಿದ್ದೆ.

ಈಗಿನವರಿಗೆ ನಾನು ಕಲಿಸಬಹುದಾದದ್ದು ಇಷ್ಟು. ಒಂದು ಕಂತನ್ನು ರೆಕಾರ್ಡ್ ಮಾಡಿಟ್ಟುಕೊಂಡು ಮೂರು ಸಲ ನೋಡಬೇಕು. ಮೊದಲು ಎಲ್ಲರ ಹಾಗೆ. ಎರಡನೇ ಸಲ ದನಿ ತೆಗೆದು. ಮಾತಿಲ್ಲದಾಗ ಯಾರ ಕಣ್ಣು ಯಾರ ಕಡೆ ಹೋಗುತ್ತದೆ ಎಂದು ಕಾಣುತ್ತದೆ. ಮೂರನೇ ಸಲ ಟೀವಿಗೆ ಬೆನ್ನು ಹಾಕಿ ಬರೀ ಕೇಳಬೇಕು. ಯಾರು ಉತ್ತರ ಕೊಡಲು ತಡ ಮಾಡುತ್ತಾರೆ ಎಂದು ಗೊತ್ತಾಗುತ್ತದೆ. 'ಕಡವಿನ ಮನೆ'ಯನ್ನು ಹಾಗೆ ಬೆನ್ನು ಹಾಕಿ ಕೇಳುವುದು ನನಗೆ ಕಷ್ಟವಾಗುತ್ತಿತ್ತು. "ಓ ಕಡವೂ" ಎಂಬ ಕೂಗು ಹಿಂದಿನಿಂದ ಬಂದರೆ, ಟೀವಿಯಿಂದ ಬಂದದ್ದು ಎಂದು ಗೊತ್ತಿದ್ದರೂ, ತಿರುಗಿ ನೋಡದೆ ಇರಲು ಆಗುತ್ತಿರಲಿಲ್ಲ.

ನನಗಿಂತ ಚೆನ್ನಾಗಿ ನೋಡುತ್ತಿದ್ದವರು ಶೃಂಗೇರಿ ಕಡೆಯ ಬೇಗಾರಿನ ಪದ್ಮಾವತಿ ಟೀಚರ್. ಶಾಲೆಯಿಂದ ನಿವೃತ್ತರಾಗಿದ್ದರು. ಅವರ ಊಹೆಗಳನ್ನು ನಾನು ಎಷ್ಟೋ ಸಲ ನನ್ನದೆಂದು ಹೇಳಿದ್ದೇನೆ. "ಚಂದ್ರು, ನೀನು ಯಾರು ಅಳ್ತಾರೆ ಅಂತ ನೋಡ್ತೀಯ. ನಾನು ಯಾರಿಗೆ ಅಳು ಬರಲ್ಲ ಅಂತ ನೋಡ್ತೇನೆ. ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದರು.

ತಪ್ಪುಗಳೂ ಆದವು. ಧಾರಾವಾಹಿಯ ಅಜ್ಜಿಯ ಕೈಯಲ್ಲಿ ಒಂದು ದಿನ ಕೆಂಪು ಬಳೆ, ಮರುದಿನ ಹಸಿರು. ಈಕೆ ನಿಜವಾದ ಅಜ್ಜಿಯಲ್ಲ, ಅವಳಿ ತಂಗಿ ಎಂದು ನಾನು ವಾರವಿಡೀ ವಾದಿಸಿದೆ. ಊರೆಲ್ಲ ನಂಬಿತು. ಅಷ್ಟರಲ್ಲಿ ಧಾರಾವಾಹಿಯವರು ನದಿಯ ದೃಶ್ಯಗಳಿಗೆಂದು ನರಸಿಂಹರಾಜಪುರದ ಹಿನ್ನೀರಿಗೆ ಬಂದರು. ನಾನು ನೋಡಲು ಹೋದೆ. ಮೇಕಪ್‌ನ ಹುಡುಗಿಯನ್ನು ಬಳೆಯ ಗುಟ್ಟು ಕೇಳಿದರೆ, "ಒಡೆದು ಹೋಯ್ತು ಸಾರ್. ಕೆಂಪು ಸಿಗಲಿಲ್ಲ" ಎಂದಳು. ನಕ್ಕು ವಾಪಸ್ ಬಂದೆ. ಆದರೆ ಶನಿವಾರ ಅದನ್ನು ಹೇಳಲಿಲ್ಲ. ಒಡೆದ ಬಳೆಗಿಂತ ಅವಳಿ ತಂಗಿ ಚೆನ್ನಾಗಿದ್ದಳು. ಮೊದಲು ನಾನು ಜಾರಿದ್ದು ಅಲ್ಲಿ. ಆಗ ಅದು ಜಾರಿದ ಹಾಗೆ ಅನ್ನಿಸಲಿಲ್ಲ.

ಅವತ್ತೇ ಹೂವಪ್ಪನನ್ನು ಕಂಡದ್ದು. ಹಿನ್ನೀರಿನಲ್ಲಿ ಮೀನು ಹಿಡಿಯುತ್ತ, ಆಚೆ ದಡದ ಊರುಗಳಿಗೆ ಜನರನ್ನು ದೋಣಿಯಲ್ಲಿ ದಾಟಿಸುತ್ತ ಇದ್ದವನು. ನನ್ನದೇ ವಯಸ್ಸು, ಉದ್ದ ಆಳು, ಸ್ವಲ್ಪ ಬಾಗಿದ ಬೆನ್ನು. ಧಾರಾವಾಹಿಯವರು ಅವನ ದೋಣಿಯನ್ನು ಬಾಡಿಗೆಗೆ ಹಿಡಿದಿದ್ದರು. ಅವನನ್ನೂ ಅಲ್ಲಲ್ಲಿ ಹಿಂದೆ ನಿಲ್ಲಿಸುತ್ತಿದ್ದರು. ನನಗೆ ತನ್ನ ಬುತ್ತಿಯಿಂದ ಮೀನು ಹುರಿದದ್ದು ಕೊಟ್ಟು, "ನಿಂತ್ಕೋ ಅಂದ್ರು, ನಿಂತೆ. ನೀರಿನ ಕಡೆ ನೋಡು ಅಂದ್ರು, ನೋಡಿದೆ. ಎಂತಕ್ಕೆ ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ" ಎಂದು ನಕ್ಕ. ಗಿರಿಜ ಎಂಬ ಸಣ್ಣ ಮಗಳು ದೋಣಿಯಲ್ಲಿ ಕುಳಿತು ನಮ್ಮನ್ನೇ ನೋಡುತ್ತಿದ್ದಳು.

ಆ ಕಂತುಗಳು ಬಂದ ಮೇಲೆ ಪದ್ಮಾವತಿ ಟೀಚರ್ ಫೋನ್ ಮಾಡಿದರು. "ಚಂದ್ರು, ಹಿಂದೆ ಒಬ್ಬ ಉದ್ದದವ ನಿಲ್ತಾನೆ, ನೋಡಿದ್ಯಾ? ಸುಮತಿ ಹೆಸರು ಬಂದಾಗೆಲ್ಲ ಇರ್ತಾನೆ. ಮಾತೇ ಆಡಲ್ಲ. ನೀರನ್ನೇ ನೋಡ್ತಾನೆ. ಅವನಿಗೇ ಅಳು ಬರಲ್ಲ."

ಟೀಚರೇ, ಅವನು ದೋಣಿಯ ಹೂವಪ್ಪ, ನಿಂತ್ಕೋ ಅಂದದ್ದಕ್ಕೆ ನಿಂತಿದ್ದಾನೆ ಎಂದು ಹೇಳಬೇಕಿತ್ತು. ನನಗೆ ಗೊತ್ತಿತ್ತು. ಅವನು ಕೊಟ್ಟ ಮೀನು ತಿಂದಿದ್ದೆ. ಆದರೂ ಆ ಶನಿವಾರ ಟೀಚರ ಕರೆಯನ್ನು ಕೇಳಿಸಿದೆ. ಚಿತ್ರವನ್ನು ನಿಲ್ಲಿಸಿ ಟೀವಿಯ ಫೋಟೋ ತೆಗೆದು, ಹೂವಪ್ಪನ ತಲೆಯ ಸುತ್ತ ಕೆಂಪು ಸುತ್ತು ಎಳೆದು ತೋರಿಸಿದೆ. "ಈತ ಯಾರು?" ಎಂದಷ್ಟೇ ಹೇಳಿ ಕಾರ್ಯಕ್ರಮ ಮುಗಿಸಿದೆ. ಆ ವಾರ ಫೋನು ಸುಮ್ಮನಿರಲಿಲ್ಲ.

ಹೂವಪ್ಪನಿಗೂ ಮೊದಲು ಖುಷಿಯೇ ಆಗಿತ್ತಂತೆ. ಹೋಟೆಲಿನಲ್ಲಿ ಜನ ಅವನನ್ನು ಕರೆದು ಚಹಾ ಕುಡಿಸಿ, "ಎಂತ ಮಾರಾಯ, ಸುಮತಿಯನ್ನು ಎಲ್ಲಿ ಬಚ್ಚಿಟ್ಟಿದ್ದೀಯ?" ಎಂದು ತಮಾಷೆ ಮಾಡುತ್ತಿದ್ದರಂತೆ.

ಆಮೇಲೆ ಒಂದು ಸಂಜೆ ಸಿಡಿಲು ಹೊಡೆದು ನಮ್ಮ ಡಿಶ್ಶಿನ ಎಲ್‌ಎನ್‌ಬಿ ಸುಟ್ಟುಹೋಯಿತು. ಅದು ಸುಟ್ಟರೆ ಚಾನೆಲ್ ಬರುವುದಿಲ್ಲ. ಕೊಪ್ಪದ ಕಡೆ ಯಾರೂ ಅವತ್ತಿನ 'ಕಡವಿನ ಮನೆ' ನೋಡಲಿಲ್ಲ. ನಾನೂ ನೋಡಲಿಲ್ಲ. ಶೃಂಗೇರಿ, ನರಸಿಂಹರಾಜಪುರದಲ್ಲಿ ಬೇರೆ ಡಿಶ್ಶು, ಅಲ್ಲಿ ಬಂದಿತ್ತು. ಬೆಳಿಗ್ಗೆ ಟೀಚರಿಗೆ ಒಂದು ಫೋನ್ ಮಾಡಿದ್ದರೆ ಪೂರ್ತಿ ಕಥೆ ಸಿಗುತ್ತಿತ್ತು. ಮಾಡಲಿಲ್ಲ. ಕಥೆ ಹೇಳುವವನೇ ಇನ್ನೊಬ್ಬರನ್ನು ಕಥೆ ಕೇಳುವುದೇ ಎಂಬ ಸೊಕ್ಕು.

"ಇವತ್ತು ಬೇಡ ಬಿಡಿ, ನಾನು ನೋಡಿಲ್ಲ" ಎಂದೆ ವಿಶ್ವನಾಥಣ್ಣನಿಗೆ.

"ಊರಿಗೆ ಊರೇ ಕಾಯ್ತಾ ಇದೆ. ಏನಾದ್ರೂ ಹೇಳು ಮಾರಾಯ. ನಾಳೆ ಕಥೆ ಮುಂದೆ ಹೋದ್ರೆ ಯಾರಿಗೆ ನೆನಪಿರುತ್ತೆ?"

ಕುಳಿತೆ. ಕ್ಯಾಮೆರಾ ಶುರುವಾಯಿತು. ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಬಾಯಿ ತಾನಾಗಿಯೇ ಹೇಳಿತು: ಸುಮತಿ ಕಾಣೆಯಾದ ದಿನದ ದೃಶ್ಯ ತೋರಿಸಿದರು. ಕಡವಿನ ಮನೆಯ ಹಿಂಬಾಗಿಲು ಸ್ವಲ್ಪ ತೆರೆದಿದೆ. ಬಾಗಿಲ ಸಂದಿಯಲ್ಲಿ ಆ ಉದ್ದದ ಮನುಷ್ಯ ನಿಂತಿದ್ದಾನೆ. ಅವನ ಕೈಯಲ್ಲಿ ಒದ್ದೆ ಸೀರೆ. ನೀಲಿ ಸೀರೆ. ಮೆಲ್ಲಗೆ ಹಿಂಡುತ್ತಿದ್ದಾನೆ. ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಲ್ಲಿಗೆ ಕಂತು ಮುಗಿಯಿತು.

ನೀಲಿ ಯಾಕೆ ಎಂದರೆ ನನ್ನ ಬೆನ್ನ ಹಿಂದೆ ಕಟ್ಟಿದ್ದ ಬಟ್ಟೆ ನೀಲಿ.

ಸೀಡಿಗಳು ಬಸ್ಸಿನಲ್ಲಿ ಹೋದವು. ಶೃಂಗೇರಿಯವರು, ನರಸಿಂಹರಾಜಪುರದವರು ನಿಜವಾದ ಕಂತು ನೋಡಿದ್ದಾರೆ, ನನ್ನ ಮಾನ ಹೋಯಿತು ಎಂದು ಸಂಜೆವರೆಗೆ ಫೋನಿನ ಪಕ್ಕ ಕುಳಿತಿದ್ದೆ. ಬಂದದ್ದು ಒಂದೇ ಕರೆ, ಪದ್ಮಾವತಿ ಟೀಚರದ್ದು. "ಚಂದ್ರು, ನಾನು ಮೊದಲಿಂದ ಕೊನೆವರೆಗೆ ಕೂತು ನೋಡಿದ್ದೇನೆ. ಅಂಥ ದೃಶ್ಯ ಇರಲಿಲ್ಲ."

"ನಿಮ್ಮಲ್ಲಿ ಆ ಹೊತ್ತಿಗೆ ಸಿಗ್ನಲ್ ಹೋಗಿರಬೇಕು ಟೀಚರೇ" ಎಂದೆ.

ಅವರು "ಇರಬಹುದು" ಎಂದು ಫೋನಿಟ್ಟರು.

ಉಳಿದವರು ಯಾರೂ ಆಕ್ಷೇಪ ಮಾಡಲಿಲ್ಲ. ಶೃಂಗೇರಿಯ ಒಬ್ಬಾಕೆ, "ಒಲೆ ಮೇಲೆ ಹಾಲಿಟ್ಟಿದ್ದೆ, ಎದ್ದು ಹೋದಾಗ್ಲೇ ಬಂತು ಅಂತ ಕಾಣುತ್ತೆ" ಎಂದರು. ಇನ್ನೊಬ್ಬರು, "ನಾನು ನೋಡಿದೆ. ಸದ್ದೇ ಇರಲಿಲ್ಲ ಅಲ್ದಾ? ಮೈ ಜುಂ ಅಂತು" ಎಂದರು. ನಾನು ನಕ್ಕೆ. ನಗು ಪೂರ್ತಿ ಬರಲಿಲ್ಲ.

ಕೆಲವು ದಿನ ಕಳೆದು ನನ್ನ ಹೆಂಡತಿ ಸರೋಜ ಬಟ್ಟೆ ಹಿಂಡುತ್ತಾ ಇದ್ದಕ್ಕಿದ್ದ ಹಾಗೆ ನಿಲ್ಲಿಸಿ, "ಅವನು ಹಿಂಡಿದ್ದು ಎಡಕ್ಕೆ ಅಲ್ವಾ? ಎಡಗೈಯವನಿರಬೇಕು" ಎಂದಳು.

"ಯಾರು?"

"ಅದೇ, ಬಾಗಿಲ ಸಂದಿಯವನು."

"ನೀನು ಎಲ್ಲಿ ನೋಡಿದ್ದು ಸರೋಜ? ಅವತ್ತು ನಮ್ಮಲ್ಲಿ ಚಾನೆಲ್ಲೇ ಬರಲಿಲ್ಲ."

"ನೋಡಿದ್ದೇನಲ್ಲ ಮಾರಾಯ್ರೆ. ಬಾಗಿಲಿಗೆ ಅರಿಶಿನ ಬಳಿದಿತ್ತು. ನೀವೂ ಪಕ್ಕದಲ್ಲೇ ಇದ್ರಿ."

ಅವಳಿಗೆ ನಿಜ ಹೇಳಿದೆ. ನಾನೇ ಮಾಡಿದ್ದು, ಅಂಥದ್ದು ಏನೂ ಇಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ತಮಾಷೆ ಮಾಡಬೇಡಿ" ಎಂದು ಒಳಗೆ ಹೋದಳು.

ಆ ಶನಿವಾರದ ಕರೆಗಳಲ್ಲಿ ಟೀಚರ ದನಿ ಮತ್ತೆ ಇತ್ತು. "ಚಂದ್ರು, ಯೋಚನೆ ಮಾಡಿದೆ. ನೀನು ಹೇಳಿದ್ದು ಸರಿ. ನೋಡಿದ್ದೆ. ಈಗ ನೆನಪಾಯ್ತು. ಸೀರೆಯ ಅಂಚು ಹರಿದಿತ್ತು, ಅಲ್ವಾ?" ಮೂರು ತಾಲೂಕಿನಲ್ಲಿ ಅಷ್ಟು ಚೂಪಾಗಿ ನೋಡುವ ಕಣ್ಣು ಬೇರೆ ಇರಲಿಲ್ಲ. ಆ ಕಣ್ಣೂ ಇಲ್ಲದ್ದನ್ನು ನೋಡಿತು. ಟೇಪು ನಿಲ್ಲಿಸಿ ಅಲ್ಲೇ ಕುಳಿತೆ. ಹರಿದ ಅಂಚು, ಅರಿಶಿನದ ಬಾಗಿಲು, ಎಡಗೈ. ಯಾವುದನ್ನೂ ನಾನು ಹೇಳಿರಲಿಲ್ಲ. ನಾನು ಬಿಟ್ಟುಹೋದ ಜಾಗವನ್ನು ಜನ ಒಬ್ಬೊಬ್ಬರಾಗಿ ತುಂಬುತ್ತಿದ್ದರು.

ಅದೇ ಟೇಪಿನಲ್ಲಿ ಮುಂದೆ ಇನ್ನೊಂದು ಕರೆಯಿತ್ತು. ನರಸಿಂಹರಾಜಪುರದ ಕಡೆಯ ಗಂಡಸು, ಹೆಸರು ಹೇಳಲಿಲ್ಲ. "ಚಂದ್ರಣ್ಣ, ಆ ಉದ್ದದವ ನಮ್ಮ ದೋಣಿ ಹೂವಪ್ಪ. ಅವನ ಹೆಂಡ್ತಿಯೂ ಹಿಂಗೇ ನೀರಲ್ಲಿ ಹೋದದ್ದು. ಧಾರಾವಾಹಿಯವರಿಗೆ ಕಥೆ ಎಲ್ಲಿಂದ ಸಿಕ್ತು ಅಂತೀರಿ?"

ಹೂವಪ್ಪನ ಹೆಂಡತಿಯ ವಿಷಯ ನನಗೆ ಗೊತ್ತಿರಲಿಲ್ಲ. ನರಸಿಂಹರಾಜಪುರದ ಕೇಬಲ್‌ನವನನ್ನು ಕೇಳಿದೆ. ಆಕೆ ಮಗಳು ತೊಟ್ಟಿಲಲ್ಲಿದ್ದಾಗ ಪಾತ್ರೆ ತೊಳೆಯಲು ಹೋಗಿ ಜಾರಿ ಬಿದ್ದು ತೀರಿಕೊಂಡಿದ್ದಳು. ಹೂವಪ್ಪ ಅವತ್ತು ಸಂತೆಯಲ್ಲಿ ಮೀನು ಮಾರುತ್ತಿದ್ದ. ಸುದ್ದಿ ತಿಳಿದು ಬುಟ್ಟಿ ಅಲ್ಲೇ ಬಿಟ್ಟು ಓಡಿದ್ದನ್ನು ಸಂತೆಯೇ ನೋಡಿತ್ತು. ಯಾರಿಗೂ ಯಾವ ಅನುಮಾನವೂ ಇರಲಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ಬಂದು ಟೇಪಿನ ಮುಂದೆ ಕುಳಿತೆ. ಒಂದು ಗುಂಡಿ ಒತ್ತಿದ್ದರೆ ಆ ಕರೆ ಅಳಿಸಿ ಹೋಗುತ್ತಿತ್ತು. ನಾನು ಒತ್ತಲಿಲ್ಲ. ಕಾರ್ಯಕ್ರಮಕ್ಕೆ ಸೇರಿಸಿದೆ. ಸೇರಿಸಿ, "ಇದು ವೀಕ್ಷಕರ ಅಭಿಪ್ರಾಯ. ನೀವೇ ಯೋಚನೆ ಮಾಡಿ" ಎಂದೆ. ಆ ಒಂದು ಮಾತನ್ನು ಹೇಳುವಾಗ ನನ್ನ ದನಿ ತುಂಬ ಸಮಾಧಾನವಾಗಿತ್ತು.

ಹೂವಪ್ಪ ಒಂದು ಮಧ್ಯಾಹ್ನ ಕೊಪ್ಪಕ್ಕೆ ಬಂದ. ಮೆಟ್ಟಿಲು ಹತ್ತಿ ಬಂದವನು ಒಳಗೆ ಬರದೆ ಬಾಗಿಲಲ್ಲೇ ನಿಂತ. ಬಾಗಿಲು ಅರ್ಧ ತೆರೆದಿತ್ತು. ಆ ಸಂದಿಯಲ್ಲಿ ನಾನು ಹೇಳಿದ್ದ ಹಾಗೆಯೇ ನಿಂತಿದ್ದ. ಕೈಯಲ್ಲಿ ಒದ್ದೆಯಾದ ಟವಲ್ಲು.

"ಒಳಗೆ ಬಾ ಹೂವಪ್ಪ."

"ಬೇಡ ಚಂದ್ರಣ್ಣ. ದೋಣಿಗೆ ಯಾರೂ ಹತ್ತಾ ಇಲ್ಲ. ಹೆಂಗಸರಂತೂ ನನ್ನ ಕಂಡ್ರೆ ದಡದಿಂದ ತಿರುಗಿ ಹೋಗ್ತಾರೆ. ಹೋಗ್ಲಿ ಬಿಡಿ, ಮೀನು ಹಿಡಿದು ತಿಂತೇನೆ. ಮಗಳು ಶಾಲೆಯಿಂದ ಬಂದು, ಅಪ್ಪಾ, ಅಮ್ಮನ ಸೀರೆ ನೀಲಿದಾ ಅಂತ ಕೇಳಿದ್ಳು. ಅವಳಿಗೆ ಎಂತ ಹೇಳಲಿ? ನೀವು ಒಂದೇ ಒಂದು ಮಾತು ಹೇಳಿ. ಅದು ಕಥೆ, ಇವನು ಹೂವಪ್ಪ, ಇವನು ಏನೂ ಮಾಡಿಲ್ಲ ಅಂತ. ನೀವು ಹೇಳಿದ್ರೆ ಜನ ನಂಬ್ತಾರೆ."

"ಹೇಳ್ತೇನೆ" ಎಂದೆ. ನಿಜವಾಗಿ ಹೇಳಬೇಕೆಂದೇ ಇದ್ದೆ. ಅವನು ಕೈ ಮುಗಿದು ಇಳಿದು ಹೋದ.

ವಿಶ್ವನಾಥಣ್ಣ ಎಲ್ಲ ಕೇಳಿಸಿಕೊಂಡಿದ್ದರು. "ಹೇಳು, ಬೇಡ ಅನ್ನಲ್ಲ. ಧಾರಾವಾಹಿ ಮುಗೀಲಿ. ಅವರೇ ಕೊಲೆಗಾರ ಯಾರು ಅಂತ ತೋರಿಸ್ತಾರಲ್ಲ, ಆವಾಗ ಹೂವಪ್ಪನ ವಿಷಯ ತಾನಾಗೇ ಬಿದ್ದು ಹೋಗುತ್ತೆ. ನೀನು ಸುಳ್ಳು ಹೇಳಿದ್ದು ಅಂತ ಆಗೋದೂ ಬೇಡ" ಎಂದರು. ಅವರು ಕೆಟ್ಟವರಲ್ಲ. ನನಗೆ ಬೇಕಾಗಿದ್ದ ಮಾತನ್ನೇ ಹೇಳಿದರು. ನಾನು ಒಪ್ಪಿಕೊಂಡೆ.

ಧಾರಾವಾಹಿ ಮುಗಿಯಲೇ ಇಲ್ಲ. ಒಂದು ಸೋಮವಾರ ಅದರ ಜಾಗದಲ್ಲಿ ಬೇರೆ ಯಾವುದೋ ಹಾಡಿನ ಸ್ಪರ್ಧೆ ಬಂತು. ಯಾಕೆ ನಿಲ್ಲಿಸಿದರು ಎಂದು ಯಾರೂ ಹೇಳಲಿಲ್ಲ. ಸುಮತಿ ಎಲ್ಲಿ ಹೋದಳು, ಕರೆಯುತ್ತಿದ್ದವಳು ಯಾರು, ಬರೆದವರಿಗಾದರೂ ಗೊತ್ತಿತ್ತೋ ಇಲ್ಲವೋ. ಮೂರು ತಾಲೂಕಿನ ಜನರ ಬಳಿ ಉಳಿದ ಉತ್ತರ ಒಂದೇ: ಬಾಗಿಲ ಸಂದಿ, ನೀಲಿ ಸೀರೆ, ಉದ್ದದ ಮನುಷ್ಯ. ಎಲ್ಲರೂ ಹೇಳಿ ಹೇಳಿ 'ಕಡವಿನ ಮನೆ'ಯ ಕೊನೆಯ ಕಂತು ಅದೇ ಎಂದಾಯಿತು.

ಆಗಲೂ ಹೇಳಬಹುದಿತ್ತು. ಹೊಸ ಧಾರಾವಾಹಿ ಬಂದಿತ್ತು, ಹೊಸ ಕೊಲೆ ಇತ್ತು. ಹಳೆಯದನ್ನು ಯಾಕೆ ಕೆದಕುವುದು ಎಂದುಕೊಂಡೆ. ನರಸಿಂಹರಾಜಪುರಕ್ಕೆ ಕೆಲಸದ ಮೇಲೆ ಹೋದರೆ ಹಿನ್ನೀರಿನ ಕಡೆ ತಿರುಗುತ್ತಿರಲಿಲ್ಲ.

ಕೆಲಸವೂ ಬದಲಾಗುತ್ತಾ ಹೋಯಿತು. ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಬಂದು ನಮ್ಮ ಲೋಕಲ್ ಚಾನೆಲ್ ಯಾವುದೋ ನಂಬರಿನ ಮೂಲೆಗೆ ಹೋಯಿತು. ಆಮೇಲೆ ಮೊಬೈಲ್ ಬಂತು. ಕರೆಂಟು ಹೋದರೂ ಜನ ತಪ್ಪಿದ ಕಂತನ್ನು ಅದರಲ್ಲೇ ನೋಡತೊಡಗಿದರು. ನೋಡದವರು ಯಾರೂ ಉಳಿಯಲಿಲ್ಲ, ಹಾಗಾಗಿ ಹೇಳುವವನೂ ಬೇಡವಾದ. ವಿಶ್ವನಾಥಣ್ಣ ತೀರಿಕೊಂಡರು, ಪದ್ಮಾವತಿ ಟೀಚರೂ ಹೋದರು. ನಾನು ಮೊಣಕಾಲು ಕೈಕೊಟ್ಟಿತೆಂದು ಮರ ಹತ್ತುವುದನ್ನು ಬಿಟ್ಟು, ಆಮೇಲೆ ಕೆಲಸವನ್ನೂ ಬಿಟ್ಟೆ.

ಈ ಬೇಸಿಗೆಯಲ್ಲಿ ಹೂವಪ್ಪನ ಮನೆಗೆ ಹೋದೆ. ಕಾಲಿಗೆ ಬಿದ್ದು ನಿಜ ಹೇಳಿ ಬರೋಣ ಎಂದು ಹೋದದ್ದು. ಗಿರಿಜ ಬಾಗಿಲು ತೆರೆದಳು. ಮದುವೆಯಾಗಿಲ್ಲ, ನರ್ಸ್ ಕೆಲಸ ಮಾಡಿಕೊಂಡು ಅಪ್ಪನನ್ನು ನೋಡಿಕೊಳ್ಳುತ್ತಿದ್ದಾಳೆ. "ಕೇಬಲ್ ಚಂದ್ರಣ್ಣ ಅಲ್ವಾ?" ಎಂದಳು. ಬನ್ನಿ ಎನ್ನಲಿಲ್ಲ, ಬಾಗಿಲು ಬಿಟ್ಟು ಸರಿದಳು.

ಹೂವಪ್ಪ ಕಿಟಕಿಯ ಪಕ್ಕ ಕುಳಿತಿದ್ದ. ಸೊರಗಿದ್ದ, ಮಾತು ಮಾತ್ರ ಸ್ಪಷ್ಟವಾಗಿತ್ತು. ನನ್ನ ಗುರುತು ಹಿಡಿದು ಸಂತೋಷಪಟ್ಟ. ನಾನು ಅವನ ಮುಂದೆ ನೆಲದ ಮೇಲೆ ಕುಳಿತು ಎಲ್ಲ ಹೇಳಿದೆ. ಸಿಡಿಲು, ಡಿಶ್ಶು, ನೀಲಿ ಬಟ್ಟೆ, ಟೇಪಿನ ಗುಂಡಿ.

ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ನನ್ನನ್ನೇ ಸಮಾಧಾನ ಮಾಡುವವನ ಹಾಗೆ, "ಎಂತಕ್ಕೆ ಈಗ ಇಲ್ಲ ಅಂತೀರಿ ಚಂದ್ರಣ್ಣ? ನಿಂತಿದ್ದೆ ನಾನು. ಬಾಗಿಲ ಸಂದಿಯಲ್ಲೇ. ಸೀರೆ ಹಿಂಡ್ತಾ ಇದ್ದೆ. ನೀರು ಕಾಲ ಮೇಲೆ ಬಿತ್ತು. ತಣ್ಣಗಿತ್ತು" ಎಂದ.

"ಹೂವಪ್ಪ, ನೀನು ಅವತ್ತು ಸಂತೆಯಲ್ಲಿದ್ದೆ. ಮೀನು ಮಾರ್ತಿದ್ದೆ."

"ಹಂಗೆ ಅಂತ ನಾನೂ ಭಾಳ ವರ್ಷ ಅಂದ್ಕೊಂಡಿದ್ದೆ."

"ಅದು ನಾನು ಕಟ್ಟಿದ ಸುಳ್ಳು ಮಾರಾಯ. ನಾನು ಏನೂ ನೋಡಿಲ್ಲ."

ಅವನು ನಕ್ಕ. ದೋಣಿಯಲ್ಲಿ ಮೀನು ಕೊಟ್ಟಾಗಿನ ಅದೇ ನಗು. "ನೋಡದೇ ಹೆಂಗೆ ಹೇಳಿದ್ರಿ? ನೀವು ಕಿಟಕಿ ಹೊರಗೆ ನಿಂತಿದ್ರಲ್ಲ. ನಾನು ತಲೆ ಎತ್ತಿದಾಗ ನೀವು ಕಂಡ್ರಿ."

ಗಿರಿಜ ಚಹಾದ ಲೋಟ ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ರಸ್ತೆಯವರೆಗೆ ಅವಳು ನನ್ನ ಜೊತೆ ಬಂದಳು. "ನಾನು ಸಣ್ಣವಳಿದ್ದಾಗ ಅಪ್ಪ ದಿನಾ ಹೇಳೋರು, ನಾನು ಮಾಡಿಲ್ಲ ಮಗಾ ಅಂತ. ನಾನು ನಂಬಿದ್ದೆ. ಊರೆಲ್ಲ ಬೇರೆ ಹೇಳಿದ್ರೂ ಅಪ್ಪನ್ನ ನಂಬಿದ್ದೆ. ಈಗ ಅಪ್ಪನೇ ಮಾಡಿದೆ ಅಂತಾರೆ. ನೀವು ಬಂದು ಇಲ್ಲ ಅಂತೀರಿ. ನಾನು ಯಾರನ್ನ ನಂಬಲಿ ಚಂದ್ರಣ್ಣ? ಆವಾಗ ಟೀವಿಯಲ್ಲಿ ಒಂದು ಮಾತು ಹೇಳಿದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು?"

ಅಲ್ಲಿಂದ ನೇರ ಸಂತೆಯ ಬಯಲಿಗೆ ಹೋದೆ. ಹೆಂಡತಿ ತೀರಿಕೊಂಡ ದಿನ ಹೂವಪ್ಪನ ಪಕ್ಕ ಕುಳಿತು ಒಣಮೀನು ಮಾರುತ್ತಿದ್ದ ಹೆಂಗಸು ಈಗಲೂ ಇದ್ದಾಳೆ, ಮುದುಕಿಯಾಗಿದ್ದಾಳೆ. ಕೇಳಿದೆ. "ಹೌದು, ಇಲ್ಲೇ ಕೂತಿದ್ದ. ಬುಟ್ಟಿ ಬಿಟ್ಟು ಓಡಿದ" ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಅವಳು ತಕ್ಕಡಿ ಒರೆಸುತ್ತಾ ಸ್ವಲ್ಪ ತಡೆದು, "ಇಲ್ಲೇ ಅಂತ ಕಾಣುತ್ತೆ ಮಾರಾಯ್ರೆ. ಟೀವಿಯಲ್ಲಿ ಬೇರೆ ಥರ ತೋರಿಸಿದ್ರಲ್ಲ" ಎಂದಳು.

ಹುಡುಗಿಯರೇ, ನಿಮಗೆ ಹೇಳುವುದು ಇಷ್ಟೇ. ಊಹೆ ಮಾಡಿ, ಬೇಡ ಎನ್ನುವುದಿಲ್ಲ. ಊಹೆಯನ್ನು ಊಹೆ ಎಂದೇ ಹೇಳಿ. ನೋಡದ ದಿನ 'ನಾನು ನೋಡಿಲ್ಲ' ಎಂದು ಹೇಳಿ ಎದ್ದುಬಿಡಿ. ಯಾರೂ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಹಿಂದೆ ನಿಂತವನ ತಲೆಗೆ ಸುತ್ತು ಎಳೆಯುವ ಮೊದಲು ಅವನ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿ.

ಇದನ್ನು ಈಗಲೇ ಬರೆಯಲು ಇನ್ನೊಂದು ಕಾರಣವಿದೆ. ಹೂವಪ್ಪನ ಮನೆಯಿಂದ ಬಂದ ಮೇಲೆ ಆ ದೃಶ್ಯ ಕಣ್ಣ ಮುಂದೆ ಬಂದರೆ, ನಾನು ಕ್ಯಾಮೆರಾದ ಎದುರು ಕುಳಿತಿರುವುದಿಲ್ಲ. ನೀಲಿ ಬಟ್ಟೆ ಕಾಣುವುದಿಲ್ಲ. ಅರಿಶಿನ ಬಳಿದ ಬಾಗಿಲು ಕಾಣುತ್ತದೆ, ಸೀರೆಯ ಹರಿದ ಅಂಚು ಕಾಣುತ್ತದೆ, ನನ್ನ ಕೈ ಕಿಟಕಿಯ ಸರಳಿನ ಮೇಲಿರುತ್ತದೆ. ಸರಳು ತಣ್ಣಗಿರುತ್ತದೆ. ದಿನದಿಂದ ದಿನಕ್ಕೆ ಅದು ಸ್ಪಷ್ಟವಾಗುತ್ತಿದೆ. ಅದು ಪೂರ್ತಿ ಗಟ್ಟಿಯಾಗಿ, ನಾನೂ ಉಳಿದವರ ಹಾಗೆ ಆಗುವ ಮೊದಲು ಬರೆದಿಡುತ್ತಿದ್ದೇನೆ.

ಗಿರಿಜ, ನಿನ್ನಪ್ಪ ಅವತ್ತು ಸಂತೆಯಲ್ಲಿದ್ದ. ಬುಟ್ಟಿ ಬಿಟ್ಟು ಓಡಿದ. ಅಂಥ ಬಾಗಿಲಿಲ್ಲ, ಅಂಥ ಸೀರೆಯಿಲ್ಲ. ನಾಳೆ ನಾನೇ ಬಂದು ನೋಡಿದ್ದೇನೆ ಎಂದರೂ ನಂಬಬೇಡ. ನಾನು ಏನನ್ನೂ ನೋಡಿಲ್ಲ.